ಪ್ಲಾಟ್‌ಫಾರ್ಮ್ ಫೈಟರ್ ಹೊಸದಾಗಿ ಶುರು ಮಾಡಿದ್ದೇನೆ, ವಾಪಸ್ ಸ್ಟೇಜಿಗೆ ಬರಲಿಕ್ಕೇ ಆಗುತ್ತಿಲ್ಲ

ಬೆಳ್ಳಿಮೋಡ
ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ (ಎದುರಾಳಿಯನ್ನು ಹೊಡೆದು ಸ್ಟೇಜಿನಿಂದ, ಅಂದರೆ ವೇದಿಕೆಯಿಂದ, ಹೊರಗೆ ಹಾರಿಸುವ ನಿಂಟೆಂಡೋ ಸ್ವಿಚ್ ಗೇಮ್) ಆಡಲು ಶುರು ಮಾಡಿ ಮೂರು ವಾರ ಆಯಿತು. ಇದಕ್ಕೆ ಮುಂಚೆ ಯಾವ ಫೈಟಿಂಗ್ ಗೇಮನ್ನೂ ಮುಟ್ಟಿದವಳಲ್ಲ. ತಮ್ಮ ಮತ್ತು ಅವನ ಇಬ್ಬರು ಗೆಳೆಯರ ಜೊತೆ ಆಡುತ್ತೇನೆ. ಅವರು ವರ್ಷಗಟ್ಟಲೆ ಆಡಿ ಪಳಗಿದವರು.

ಸೋಲುವುದಕ್ಕೆ ಬೇಜಾರಿಲ್ಲ. ಆದರೆ ನಿನ್ನೆ ಎಣಿಸಿಕೊಂಡೇ ಆಡಿದೆ. ಹತ್ತು ಆಟ, ಆಟಕ್ಕೆ 3 ಸ್ಟಾಕ್. ಹತ್ತನ್ನೂ ಸೋತೆ, ಅಂದರೆ 30 ಜೀವ ಹೋಯಿತು. ಅದರಲ್ಲಿ 14 ಸಲ ಅವರ ಹೊಡೆತಕ್ಕೆ ನೇರವಾಗಿ ಹಾರಿಹೋಗಿದ್ದಲ್ಲ. ಸ್ಟೇಜಿನ ಹೊರಗೆ ಹೋದವಳು ವಾಪಸ್ ಬರಲಾಗದೆ ಬಿದ್ದಿದ್ದು. ಇರುವ ಬಟನ್ ಎಲ್ಲ ಒತ್ತುತ್ತೇನೆ, ಆದರೂ ಪಾತ್ರ ಕಲ್ಲಿನ ಹಾಗೆ ಕೆಳಗೆ ಹೋಗುತ್ತದೆ.

ಹೊಸಬರಿಗೆ ಯಾವ ಪಾತ್ರ ಒಳ್ಳೆಯದು? ಮೊದಲು ಏನು ಕಲಿಯಬೇಕು? ವಿಡಿಯೋಗಳಲ್ಲಿ ಎಲ್ಲರೂ ಕಾಂಬೋ, ಅಂದರೆ ಸಾಲು ಹೊಡೆತ, ಹೇಳಿಕೊಡುತ್ತಾರೆ. ನನಗೆ ಸ್ಟೇಜಿನ ಮೇಲೆ ಉಳಿಯುವುದೇ ಗೊತ್ತಾಗುತ್ತಿಲ್ಲ.

ಚುಕ್ಕಿಚಂದ್ರ
ಈಗ ಯಾವ ಪಾತ್ರ ಆಡುತ್ತಿದ್ದೀರಿ ಅಕ್ಕ?

ಬೆಳ್ಳಿಮೋಡ
ಒಂದೇ ಅಂತ ಇಲ್ಲ. ನಿನ್ನೆ ಜಾಸ್ತಿ ಆಡಿದ್ದು ನೆಸ್. ಮೊನ್ನೆ ಲಿಟಲ್ ಮ್ಯಾಕ್. ಅದಕ್ಕೆ ಮುಂಚೆ ಶೀಕ್. ನೋಡಿ ಯಾರು ಇಷ್ಟ ಆದರೋ ಅವರು.

ಮೂರನೇಜೀವ
ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ನೆಸ್ ವಾಪಸ್ ಬರಬೇಕಾದರೆ ಒಂದು ಮಿಂಚಿನ ಉಂಡೆ ಬಿಟ್ಟು, ಅದನ್ನು ಕಂಟ್ರೋಲರಿನ ಸ್ಟಿಕ್‌ನಿಂದ ತಿರುಗಿಸಿ, ತನ್ನ ಮೈಗೇ ತಾಗಿಸಿಕೊಳ್ಳಬೇಕು. ಅದು ತಾಗಿದ ಕೋನದ ಮೇಲೆ ಅವನು ಎತ್ತ ಹಾರುತ್ತಾನೆ ಅನ್ನುವುದು ನಿರ್ಧಾರ ಆಗುತ್ತದೆ. ನಡುವೆ ಎದುರಾಳಿ ಆ ಉಂಡೆಗೆ ಅಡ್ಡ ಬಂದರೆ ಕಥೆ ಮುಗಿಯಿತು. ಲಿಟಲ್ ಮ್ಯಾಕ್ ನೆಲದ ಮೇಲೆ ಹುಲಿ, ಗಾಳಿಯಲ್ಲಿ ಏನೂ ಇಲ್ಲ. ಶೀಕ್ ವಾಪಸ್ ಬರಬಲ್ಲಳು, ಆದರೆ ಅವಳ ಹೊಡೆತಕ್ಕೆ ಜೀವ ತೆಗೆಯುವ ಬಲ ಕಮ್ಮಿ, ತುಂಬ ಸಲ ಹೊಡೆಯಬೇಕು. 80ಕ್ಕೂ ಹೆಚ್ಚು ಪಾತ್ರಗಳಿರುವ ಗೇಮಿನಲ್ಲಿ ನೀವು ಹೊಸಬರಿಗೆ ಕಷ್ಟವಾಗುವ ಮೂರನ್ನೇ ಹಿಡಿದಿದ್ದೀರಿ.

ಈಗ ಮುಖ್ಯ ವಿಷಯ. ಬೇರೆ ಫೈಟಿಂಗ್ ಗೇಮುಗಳಲ್ಲಿ ಜೀವದ ಪಟ್ಟಿ ಖಾಲಿಯಾದರೆ ಸೋಲು. ಇಲ್ಲಿ ಪಟ್ಟಿಯೇ ಇಲ್ಲ. ಹೊಡೆತ ತಿಂದಂತೆ ಪರ್ಸೆಂಟ್ ಏರುತ್ತದೆ, ಅದು ಏರಿದಷ್ಟೂ ಹೊಡೆತಕ್ಕೆ ದೂರ ಹಾರುತ್ತೀರಿ, ಅಷ್ಟೇ. 150 ಪರ್ಸೆಂಟ್ ಇದ್ದರೂ ವಾಪಸ್ ಬಂದರೆ ಬದುಕಿದ್ದೀರಿ. 20 ಇದ್ದರೂ ಬರದಿದ್ದರೆ ಸತ್ತಿರಿ. ಹಾಗಾಗಿ ಈ ಆಟದಲ್ಲಿ ಮೊದಲ ಪಾಠ ಹೊಡೆಯುವುದಲ್ಲ, ವಾಪಸ್ ಬರುವುದು. ನಾವು ರಿಕವರಿ ಅನ್ನುವುದು ಇದಕ್ಕೇ.

ಗುಂಡುಕಲ್ಲು
ರಿಕವರಿ ಮಾತು ಒಪ್ಪುತ್ತೇನೆ. ಪಾತ್ರದ ಮಾತು ಒಪ್ಪುವುದಿಲ್ಲ. ಇಷ್ಟ ಇಲ್ಲದ ಪಾತ್ರ ಹಿಡಿದರೆ ಎರಡು ವಾರಕ್ಕೆ ಗೇಮೇ ಬಿಡುತ್ತಾರೆ. ನಾನು ಮೊದಲ ದಿನದಿಂದ ಗ್ಯಾನನ್‌ಡಾರ್ಫ್. ನಿಧಾನ, ವಾಪಸ್ ಬರುವುದೂ ಕಷ್ಟ, ಎಲ್ಲರೂ ಬೇಡ ಅಂದರು. ಇವತ್ತಿಗೂ ಅವನೇ. ನೆಸ್ ಇಷ್ಟ ಅಂದರೆ ನೆಸ್ ಆಡಲಿ ಬಿಡಿ.

ಮೂರನೇಜೀವ
ಗುಂಡುಕಲ್ಲು, ಅವರು ಕೇಳಿದ್ದು ಇಷ್ಟದ ಪಾತ್ರ ಯಾವುದು ಅಂತ ಅಲ್ಲ, ಮೊದಲು ಏನು ಕಲಿಯಬೇಕು ಅಂತ. ಒಂದು ತಿಂಗಳು ಮಾರಿಯೋ ಆಡಿ ನೆಸ್‌ಗೆ ಹೋದರೆ ಕಲಿತದ್ದೆಲ್ಲ ಜೊತೆಗೇ ಹೋಗುತ್ತದೆ. ನೆಸ್‌ನಿಂದ ಶುರು ಮಾಡಿದರೆ ನೆಸ್‌ನ ಉಂಡೆ ತಿರುಗಿಸುವುದನ್ನು ಮಾತ್ರ ಕಲಿಯುತ್ತಾರೆ.

ಗುಂಡುಕಲ್ಲು
ಉಂಡೆ ತಿರುಗಿಸುವುದೂ ಕಲಿಕೆಯೇ ಗುರು.

ಇಬ್ಬರಮಕ್ಕಳಮ್ಮ
ನಮ್ಮ ಮನೆಯಲ್ಲಿ ಮಕ್ಕಳು ಕರ್ಬಿಯಿಂದ ಶುರು ಮಾಡಿದರು. ಗಾಳಿಯಲ್ಲೇ 5 ಸಲ ಹಾರಬಹುದು. ಬಿದ್ದರೂ ತೇಲುತ್ತಾ ಬರುತ್ತದೆ. ಚಿಕ್ಕವಳಿಗೆ ಆಗ ಆರು ವರ್ಷ, ಅವಳೂ ವಾಪಸ್ ಬರುತ್ತಿದ್ದಳು. ಬೆಳ್ಳಿಮೋಡ ಅವರೇ, ಒಂದು ಸಲ ನೋಡಿ.

ಮೂರನೇಜೀವ
ಕರ್ಬಿ ಒಳ್ಳೆಯ ಆಯ್ಕೆಯೇ ಅಕ್ಕ. ಒಂದೇ ಎಚ್ಚರಿಕೆ. ಕೈಕಾಲು ಗಿಡ್ಡ, ಗಾಳಿಯಲ್ಲಿ ನಿಧಾನ. ಕತ್ತಿ ಹಿಡಿದವರ ಮುಂದೆ ಹತ್ತಿರ ಹೋಗುವುದೇ ಕಷ್ಟ. ಅದಕ್ಕೇ ನಾನು ಮಾರಿಯೋ ಅನ್ನುತ್ತೇನೆ. ಅವನಲ್ಲಿ ಯಾವುದೂ ಅತಿ ಅಲ್ಲ. ಬೇರೆ ಪಾತ್ರಕ್ಕೆ ಹೋದಾಗ ಏನು ಬದಲಾಯಿತು ಅನ್ನುವುದು ಕೈಗೆ ತಕ್ಷಣ ತಿಳಿಯುತ್ತದೆ.

ಚುಕ್ಕಿಚಂದ್ರ
ಲೂಸಿನಾ ಕೂಡ ಸುಲಭ. ಮಾರ್ತ್ ಆದರೆ ಕತ್ತಿಯ ತುದಿಯಲ್ಲೇ ತಾಗಿಸಬೇಕು, ಲೂಸಿನಾಗೆ ಆ ಲೆಕ್ಕ ಇಲ್ಲ.

ನಿಧಾನಗತಿ
ಪಾತ್ರದ ಜಗಳ ಆಮೇಲೆ ಇಟ್ಟುಕೊಳ್ಳೋಣ. 14 ಸಲ ಬಿದ್ದದ್ದಕ್ಕೆ ಪಾತ್ರ ಒಂದೇ ಕಾರಣ ಇರಲಿಕ್ಕಿಲ್ಲ. ಬೆಳ್ಳಿಮೋಡ, ಒಂದು ವಿಷಯ ಹೇಳಿ. ಹೊಡೆತ ತಿಂದು ಹೊರಗೆ ಹಾರುವಾಗ ನೀವು ಏನೇನು ಒತ್ತುತ್ತೀರಿ? ಯಾವ ಕ್ರಮದಲ್ಲಿ?

ಬೆಳ್ಳಿಮೋಡ
ಹೊಡೆತ ಬಿದ್ದ ಕೂಡಲೇ ಜಂಪ್ ಒತ್ತಲು ಶುರು ಮಾಡುತ್ತೇನೆ. ಆಮೇಲೆ ಸ್ಟಿಕ್ ಮೇಲಕ್ಕೆ ತಳ್ಳಿ ಸ್ಪೆಷಲ್ ಬಟನ್, ಮೇಲಕ್ಕೆ ಒಯ್ಯುವ ಅಪ್ ಸ್ಪೆಷಲ್‌ಗೆ. ತುಂಬ ಸಲ ಆ ಸ್ಪೆಷಲ್ ಮುಗಿದರೂ ಇನ್ನೂ ಅಂಚಿಗಿಂತ ಕೆಳಗೇ ಇರುತ್ತೇನೆ. ಆಮೇಲೆ ಯಾವ ಬಟನ್ ಒತ್ತಿದರೂ ಏನೂ ಆಗುವುದಿಲ್ಲ.

ನಿಧಾನಗತಿ
ಸಿಕ್ಕಿತು. ಇಲ್ಲಿ ಮೂರು ತಪ್ಪು ಒಂದರ ಮೇಲೊಂದು ಕೂತಿವೆ. ಒಂದೊಂದಾಗಿ ಬಿಡಿಸುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಲ್ಟಿಮೇಟ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ನೀವು ಒತ್ತಿದ ಬಟನನ್ನು ಅದು 9 ಫ್ರೇಮ್‌ವರೆಗೆ ನೆನಪಿಟ್ಟುಕೊಳ್ಳುತ್ತದೆ. ಒತ್ತಿ ಹಿಡಿದೇ ಇದ್ದರೆ ಇನ್ನೂ ಜಾಸ್ತಿ ಹೊತ್ತು. ಇದಕ್ಕೆ ಬಫರ್ ಅನ್ನುತ್ತಾರೆ. ಹೊಡೆತ ತಿಂದು ಕೈಕಾಲು ಆಡದ ಸ್ಥಿತಿಯಲ್ಲಿ ನೀವು ಗಾಬರಿಯಿಂದ ಜಂಪ್ ಒತ್ತುತ್ತಿರುತ್ತೀರಿ. ಆ ಸ್ಥಿತಿ ಮುಗಿದ ಮರುಕ್ಷಣ ಗೇಮ್ ಆ ಜಂಪನ್ನು ಖರ್ಚು ಮಾಡುತ್ತದೆ. ನಿಮಗೆ ಬೇಕಾದಾಗ ಅಲ್ಲ, ಅದಕ್ಕೆ ಸಾಧ್ಯವಾದಾಗ. ಗಾಳಿಯಲ್ಲಿ ಬಹಳಷ್ಟು ಪಾತ್ರಗಳಿಗೆ ಇರುವುದು ಒಂದೇ ಜಂಪ್. ಅದು ಹೋಯಿತು.

ಇನ್ನು ಟ್ಯಾಪ್ ಜಂಪ್. ನೀವು ಸೆಟ್ಟಿಂಗ್ ಮುಟ್ಟಿಲ್ಲ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಸ್ಟಿಕ್ ಮೇಲಕ್ಕೆ ತಳ್ಳಿದರೂ ಪಾತ್ರ ಹಾರುತ್ತದೆ. ಅಪ್ ಸ್ಪೆಷಲ್‌ಗೆ ಅಂತ ಮೇಲೆ ತಳ್ಳುತ್ತೀರಿ, ಸ್ಪೆಷಲ್ ಬಟನ್ ಒಂದು ಚೂರು ತಡವಾಗುತ್ತದೆ. ಅಷ್ಟರಲ್ಲಿ ಜಂಪ್ ಆಗಿಹೋಗಿರುತ್ತದೆ.

ಕೊನೆಯದು. ಅಪ್ ಸ್ಪೆಷಲ್ ಬಳಸಿದ ಮೇಲೆ ಹೆಚ್ಚಿನ ಪಾತ್ರಗಳು ನೆಲ ಮುಟ್ಟುವವರೆಗೆ ಅಥವಾ ಅಂಚು ಹಿಡಿಯುವವರೆಗೆ ಏನೂ ಮಾಡಲಾಗದೆ ಬೀಳುತ್ತವೆ. ಅದಕ್ಕೇ ಆಮೇಲೆ ಬಟನ್ ಕೆಲಸ ಮಾಡುವುದಿಲ್ಲ. ಅಪ್ ಸ್ಪೆಷಲ್ ಯಾವಾಗಲೂ ಕೊನೆಗೆ ಇರಲಿ.

ಕ್ರಮ ಹೀಗಿರಲಿ. ಹೊಡೆತ ಬಿದ್ದಾಗ ಬಟನ್‌ನಿಂದ ಬೆರಳು ಎತ್ತಿ. ಸ್ಟಿಕ್ ಮಾತ್ರ ಸ್ಟೇಜಿನ ಕಡೆಗೆ ಹಿಡಿಯಿರಿ. ಹಾರುವ ವೇಗ ಇಳಿಯುವುದನ್ನು ಕಣ್ಣಲ್ಲಿ ನೋಡಿ. ಸ್ಟೇಜಿನ ಕಡೆಗೆ ತೇಲುತ್ತಾ ಬನ್ನಿ. ಬೇಕಾದರೆ ಮಾತ್ರ ಜಂಪ್. ಅಂಚು ಹತ್ತಿರ ಬಂದಾಗ ಅಪ್ ಸ್ಪೆಷಲ್.

ಬೆಳ್ಳಿಮೋಡ
ಟ್ಯಾಪ್ ಜಂಪ್ ಆನ್ ಇದೆ. ಈಗಷ್ಟೇ ನೋಡಿದೆ. ಮೂರು ವಾರದಿಂದ ಇದು ಯಾಕೆ ತಾನಾಗಿ ಹಾರುತ್ತದೆ ಅಂತ ತಮ್ಮನನ್ನು ಕೇಳುತ್ತಿದ್ದೆ. ಅವನಿಗೂ ಗೊತ್ತಾಗಿರಲಿಲ್ಲ. ಅವನು ಆನ್ ಇಟ್ಟೇ ಆಡುತ್ತಾನಂತೆ.

ಅಂಚಿನವನು
ಆಫ್ ಮಾಡುವಾಗ ಒಂದು ಎಚ್ಚರ. ಕಂಟ್ರೋಲ್ ಸೆಟ್ಟಿಂಗಿನಲ್ಲಿ ನಿಮ್ಮದೊಂದು ಹೆಸರು ಮಾಡಿಕೊಂಡು ಅದರಲ್ಲಿ ಬದಲಿಸಿ. ಆಮೇಲೆ ಪ್ರತಿ ಸಲ ಪಾತ್ರ ಆರಿಸುವ ಪರದೆಯಲ್ಲಿ ಆ ಹೆಸರನ್ನೂ ಆರಿಸಬೇಕು. ತುಂಬ ಜನ ಸೆಟ್ಟಿಂಗ್ ಬದಲಿಸಿ ಹೆಸರು ಆರಿಸುವುದನ್ನು ಮರೆಯುತ್ತಾರೆ. ಏನೂ ಬದಲಾಗಲಿಲ್ಲ ಅಂತ ಬಂದು ಹೇಳುತ್ತಾರೆ.

ಗುಂಡುಕಲ್ಲು
ಟ್ಯಾಪ್ ಜಂಪ್ ಕೆಟ್ಟದ್ದಲ್ಲ ಅಂತ ಒಂದು ಮಾತು ಹೇಳಿಬಿಡುತ್ತೇನೆ. ನಾನೂ ಆನ್ ಇಟ್ಟೇ ಆಡುತ್ತೇನೆ. ಬೆರಳು ಬೇರೆ ಬಟನ್ ಮೇಲೆ ಇದ್ದಾಗ ಉಪಯೋಗಕ್ಕೆ ಬರುತ್ತದೆ.

ನಿಧಾನಗತಿ
ನಿಮಗೆ ಅಭ್ಯಾಸ ಇದೆ. ಮೂರು ವಾರದವರಿಗೆ ಬೇಡ.

ಹಳೇಕಂಟ್ರೋಲರ್
ಬಫರ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಾನು ಇದೇ ಸರಣಿಯ 2001ರ ಗೇಮ್ ಮೆಲೀಯಲ್ಲಿ ಕಲಿತವನು. ಅಲ್ಲಿ ಗೇಮ್ ನಿಮಗಾಗಿ ಹೀಗೆ ನೆನಪಿಟ್ಟುಕೊಳ್ಳುವುದಿಲ್ಲ. ಗಾಳಿಯಲ್ಲಿ ಹೊಡೆದು ಇಳಿಯುವಾಗ ಬೇಗ ಚೇತರಿಸಿಕೊಳ್ಳಬೇಕಾದರೆ, ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಸರಿಯಾಗಿ ಶೀಲ್ಡ್ ಬಟನ್ ಒತ್ತಬೇಕು. ಪ್ರತಿ ಸಲವೂ. ಅಲ್ಟಿಮೇಟಿಗೆ ಬಂದಾಗ ನನ್ನ ಕೈ ತಾನಾಗಿ ಅದನ್ನೇ ಒತ್ತುತ್ತಿತ್ತು. ಇಳಿದ ಕೂಡಲೇ ಶೀಲ್ಡ್ ಬಂದು ನಿಲ್ಲುತ್ತಿತ್ತು. ಆ ಅಭ್ಯಾಸ ಬಿಡಿಸಲು ತಿಂಗಳುಗಳು ಹಿಡಿದವು. ಅಷ್ಟು ಕಷ್ಟವಾದರೂ ಮೆಲೀ ಓಡಾಟದ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಚುಕ್ಕಿಚಂದ್ರ
ಮೆಲೀ ಇನ್ನೂ ಆಡುತ್ತಾರಾ?

ಹಳೇಕಂಟ್ರೋಲರ್
ಆಡುತ್ತಾರಾ ಅಂತ ಕೇಳುತ್ತೀಯಲ್ಲ ಮಾರಾಯ! 2020ರಲ್ಲಿ ಸ್ಲಿಪ್ಪಿಗೆ (ಮೆಲೀಯನ್ನು ಆನ್‌ಲೈನ್ ಆಡಿಸುವ ತಂತ್ರಾಂಶ) ರೋಲ್‌ಬ್ಯಾಕ್, ಅಂದರೆ ನೆಟ್ ತಡ ಗೊತ್ತಾಗದಂತೆ ಮಾಡುವ ತಂತ್ರ, ಬಂದ ಮೇಲೆ ಆನ್‌ಲೈನ್‌ನಲ್ಲಿ ಅಲ್ಟಿಮೇಟಿಗಿಂತ ನಯವಾಗಿ ಓಡುತ್ತದೆ. ಅದನ್ನು ಮಾಡಿದ್ದು ಅಭಿಮಾನಿಗಳು, ಕಂಪನಿ ಅಲ್ಲ. 2001ರ ಗೇಮ್ ಇವತ್ತಿಗೂ ಜೀವಂತ ಇದೆ ಅಂದರೆ ಅದಕ್ಕೆ ಆಡುವವರೇ ಕಾರಣ.

ಇಬ್ಬರಮಕ್ಕಳಮ್ಮ
ಇವೆಲ್ಲ ಮೊದಲು ಹೇಗೆ ಶುರುವಾಯಿತು?

ಹಳೇಕಂಟ್ರೋಲರ್
1999ರಲ್ಲಿ, ನಿಂಟೆಂಡೋ 64ರಲ್ಲಿ. ಮಸಾಹಿರೋ ಸಕುರಾಯಿ ಒಂದು ಮಾದರಿ ಮಾಡಿಕೊಂಡಿದ್ದರು, ಅದರಲ್ಲಿ ಮಾರಿಯೋ ಗೀರಿಯೋ ಯಾರೂ ಇರಲಿಲ್ಲ. ಪ್ರೋಗ್ರಾಮಿಂಗ್ ಸತೋರು ಇವಾತಾ ಅವರದ್ದು. ಆಮೇಲೆ ನಿಂಟೆಂಡೋ ಪಾತ್ರಗಳನ್ನು ತಂದು ಹಾಕಿದರು. ಉದ್ದ ಉದ್ದ ಬಟನ್ ಸರಣಿ ಬಾಯಿಪಾಠ ಮಾಡದೆ ಯಾರು ಬೇಕಾದರೂ ಕೂತು ಆಡುವಂತೆ ಇದನ್ನು ಮಾಡಿದರು. ಬೆಳ್ಳಿಮೋಡ ಅವರು ಮೂರೇ ವಾರದಲ್ಲಿ ಇಷ್ಟು ವಿಷಯ ಕೇಳುತ್ತಿರುವುದೂ ಅದರಿಂದಲೇ ಅನ್ನಿಸುತ್ತದೆ ನನಗೆ.

ಮೂರನೇಜೀವ
ದಾರಿಗೆ ಬರೋಣ. ವಾಪಸ್ ಬರುವುದು ಗೊತ್ತಾಯಿತು ಅಂದುಕೊಳ್ಳಿ. ಮುಂದಿನದು ಶೀಲ್ಡ್. ಹೊಸಬರಲ್ಲಿ ಎರಡು ಜಾತಿ. ಒಬ್ಬರು ಶೀಲ್ಡ್ ಮುಟ್ಟುವುದೇ ಇಲ್ಲ, ಇನ್ನೊಬ್ಬರು ಬಿಡುವುದೇ ಇಲ್ಲ. ಬೆಳ್ಳಿಮೋಡ, ನೀವು ಯಾರು?

ಬೆಳ್ಳಿಮೋಡ
ಮುಟ್ಟುವುದೇ ಇಲ್ಲ. ಪಕ್ಕಕ್ಕೆ ಉರುಳುತ್ತೇನೆ. ತುಂಬ ಉರುಳುತ್ತೇನೆ.

ಮೂರನೇಜೀವ
ಮೂರು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಸಾಕು. ಹೊಡೆತವನ್ನು ಶೀಲ್ಡ್ ತಡೆಯುತ್ತದೆ. ಶೀಲ್ಡ್ ಹಿಡಿದವನನ್ನು ಗ್ರ್ಯಾಬ್ ಮಾಡಬಹುದು. ಗ್ರ್ಯಾಬ್‌ಗೆ ಕೈ ಚಾಚುವವನಿಗೆ ಹೊಡೆಯಬಹುದು. ನಿಮ್ಮ ತಮ್ಮ ಶೀಲ್ಡ್ ಹಿಡಿದೇ ನಿಂತಿದ್ದರೆ ಹೊಡೆದು ಹೊಡೆದು ಪ್ರಯೋಜನ ಇಲ್ಲ, ಹೋಗಿ ಹಿಡಿಯಿರಿ. ಶೀಲ್ಡ್ ಹಿಡಿದಷ್ಟೂ ಚಿಕ್ಕದಾಗುತ್ತದೆ, ಪೂರ್ತಿ ಒಡೆದರೆ ತಲೆ ತಿರುಗಿ ನಿಲ್ಲುತ್ತೀರಿ. ಆಗ ಎದುರಾಳಿ ತನ್ನ ಅತಿ ದೊಡ್ಡ ಹೊಡೆತ ತಯಾರು ಮಾಡಿಕೊಂಡು ಬರುತ್ತಾನೆ.

ಉರುಳುವುದರ ಬಗ್ಗೆ: ಅಲ್ಟಿಮೇಟಿನಲ್ಲಿ ಮೇಲಿಂದ ಮೇಲೆ ಉರುಳಿದರೆ ಉರುಳುವುದು ನಿಧಾನವಾಗುತ್ತದೆ, ರಕ್ಷಣೆಯೂ ಕಮ್ಮಿಯಾಗುತ್ತದೆ. ತಮ್ಮನಿಗೆ ನೀವು ಎತ್ತ ಉರುಳುತ್ತೀರಿ ಅಂತ ಈಗಾಗಲೇ ಬಾಯಿಪಾಠ ಆಗಿರುತ್ತದೆ.

ಬೆಳ್ಳಿಮೋಡ
ಹೌದು. ನಾನು ಉರುಳಿ ಎದ್ದಾಗ ಅವನು ಅಲ್ಲೇ ಇರುತ್ತಾನೆ.

ಅಂಚಿನವನು
ಅಂಚು ಹಿಡಿದ ಮೇಲೂ ಇದೇ ಕಥೆ. ಅಂಚಿನಿಂದ ಸುಮ್ನೆ ಏಳಬಹುದು, ಉರುಳಿ ಏಳಬಹುದು, ಹೊಡೆಯುತ್ತಾ ಏಳಬಹುದು, ಹಾರಬಹುದು, ಕೈ ಬಿಟ್ಟು ಮತ್ತೆ ಜಂಪ್ ಮಾಡಬಹುದು. ಹೊಸಬರು ಪ್ರತಿ ಸಲ ಒಂದನ್ನೇ ಮಾಡುತ್ತಾರೆ. ನಾನು ಒಂದು ವರ್ಷ ಪ್ರತಿ ಸಲ ಉರುಳಿಯೇ ಎದ್ದೆ. ಒಬ್ಬ ಗೆಳೆಯ ಆ ಜಾಗದಲ್ಲೇ ನಿಂತು ಕಾಯುತ್ತಿದ್ದ, ನನಗೆ ಗೊತ್ತೇ ಆಗಿರಲಿಲ್ಲ. ಅಂಚು ಹಿಡಿದಾಗ ಒಂದು ಕ್ಷಣ ನಿಲ್ಲಿ. ಅವನು ಎಲ್ಲಿದ್ದಾನೆ ಅಂತ ನೋಡಿ. ಆಮೇಲೆ ಏಳಿ. ತುಂಬ ಹೊತ್ತು ಜೋತಾಡಬೇಡಿ. ಅಂಚು ಹಿಡಿದಾಗ ಸಿಗುವ ರಕ್ಷಣೆ ಸ್ವಲ್ಪ ಹೊತ್ತು ಮಾತ್ರ. ಕೈಬಿಟ್ಟು ನೆಲ ಮುಟ್ಟದೆ ಮತ್ತೆ ಹಿಡಿದರೆ ಆ ರಕ್ಷಣೆ ಸಿಗುವುದೇ ಇಲ್ಲ.

ನಿಧಾನಗತಿ
ಇನ್ನೊಂದು ಸೇರಿಸುತ್ತೇನೆ, ಶಾರ್ಟ್ ಹಾಪ್. ಜಂಪ್ ಬಟನನ್ನು 3 ಫ್ರೇಮ್ ಒಳಗೆ ಬಿಟ್ಟರೆ ಚಿಕ್ಕ ಜಂಪ್ ಆಗುತ್ತದೆ. 3 ಫ್ರೇಮ್ ಅಂದರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ. ಮೊದಲಿಗೆ ಯಾರಿಗೂ ಬರುವುದಿಲ್ಲ. ಸುಲಭ ದಾರಿ ಇದೆ. ಜಂಪ್‌ಗೆ ಎರಡು ಬಟನ್ ಇವೆಯಲ್ಲ, ಎರಡನ್ನೂ ಒಟ್ಟಿಗೆ ಒತ್ತಿ. ಚಿಕ್ಕ ಜಂಪೇ ಬರುತ್ತದೆ. ಅಥವಾ ಜಂಪ್ ಮತ್ತು ಅಟ್ಯಾಕ್ ಒಟ್ಟಿಗೆ ಒತ್ತಿದರೆ ಚಿಕ್ಕ ಜಂಪ್ ಜೊತೆಗೇ ಹೊಡೆತ. ನೀವು ಈಗ ಪೂರ್ತಿ ಎತ್ತರ ಹಾರಿ ನಿಧಾನಕ್ಕೆ ಇಳಿಯುತ್ತಿದ್ದೀರಿ ಅನ್ನಿಸುತ್ತದೆ. ಅಷ್ಟು ಹೊತ್ತು ಗಾಳಿಯಲ್ಲಿದ್ದರೆ ಕೆಳಗಿರುವವನಿಗೆ ಸುಗ್ಗಿ.

ಗುಂಡುಕಲ್ಲು
ಮೂರು ವಾರದವರಿಗೆ ಎಷ್ಟು ತುಂಬುತ್ತೀರಿ! ರಿಕವರಿ ಒಂದೇ ಸಾಕು ಈಗ. ಅದು ಬಂದ ಮೇಲೆ ಶೀಲ್ಡ್. ಶಾರ್ಟ್ ಹಾಪ್ ಎಲ್ಲ ಆಮೇಲೆ.

ನಿಧಾನಗತಿ
ಇದು ಮಾತ್ರ ಒಪ್ಪಿದೆ.

ಗಾಳಿಗುದುರೆ
ಟ್ರೇನಿಂಗ್ ಮೋಡ್‌ನಲ್ಲಿ ದಿನಕ್ಕೆ ಒಂದು ಗಂಟೆ ಕೂತರೆ ಎಲ್ಲ ಬರುತ್ತದೆ. ಮಟ್ಟ 9ರ ಕಂಪ್ಯೂಟರ್ ಜೊತೆ ಆಡಿ.

ಮೂರನೇಜೀವ
ಮಟ್ಟ 9 ಬೇಡ. ಅದು ಮನುಷ್ಯರ ಹಾಗೆ ಗಾಬರಿ ಆಗುವುದಿಲ್ಲ. ಅದರ ವಿರುದ್ಧ ಕಲಿತ ಲೆಕ್ಕ ತಮ್ಮನ ಮುಂದೆ ನಡೆಯುವುದಿಲ್ಲ. ಟ್ರೇನಿಂಗ್ ಮೋಡ್ ಒಳ್ಳೆಯದೇ, ಆದರೆ ಒಂದು ಗಂಟೆ ಯಾಕೆ? ಹತ್ತು ನಿಮಿಷ ಸಾಕು. ಸ್ಟೇಜಿನಿಂದ ಹೊರಗೆ ನಡೆದು ಬೀಳಿ. ಜಂಪ್ ಬಳಸದೆ ಅಪ್ ಸ್ಪೆಷಲ್ ಮಾತ್ರದಿಂದ ಅಂಚು ಹಿಡಿಯಿರಿ. ಪ್ರತಿ ಸಲ ಇನ್ನೂ ಸ್ವಲ್ಪ ಕೆಳಗಿನಿಂದ. ಎಷ್ಟು ಕೆಳಗಿನವರೆಗೆ ಹೋಗಿ ವಾಪಸ್ ಬರಬಹುದು ಅನ್ನುವುದು ಕೈಗೆ ತಿಳಿದರೆ ಗಾಬರಿ ತಾನಾಗಿ ಹೋಗುತ್ತದೆ.

ಇಬ್ಬರಮಕ್ಕಳಮ್ಮ
ಈ ಅಭ್ಯಾಸವನ್ನು ನಾನೂ ಮಕ್ಕಳಿಗೆ ಆಟದ ಹಾಗೆ ಮಾಡಿಸಿದ್ದೆ. ಯಾರು ಹೆಚ್ಚು ಕೆಳಗಿನಿಂದ ಬರುತ್ತಾರೆ ಅಂತ ಪಂದ್ಯ. ಇಬ್ಬರೂ ಒಂದೇ ವಾರದಲ್ಲಿ ಕಲಿತರು.

ಗಾಳಿಗುದುರೆ
ಐಟಂ (ಆಟದ ನಡುವೆ ಬೀಳುವ ಬಾಂಬ್ ಗೀಂಬ್) ಆನ್ ಇದೆಯಾ ಆಫ್ ಇದೆಯಾ? ಆಫ್ ಮಾಡಿ. ಬಾಂಬ್ ತಲೆ ಮೇಲೆ ಬಿದ್ದು ಸತ್ತರೆ ಏನೂ ಕಲಿತ ಹಾಗೆ ಆಗುವುದಿಲ್ಲ.

ಇಬ್ಬರಮಕ್ಕಳಮ್ಮ
ಮನೆಯಲ್ಲಿ ನಾಲ್ಕು ಜನ ಆಡುವಾಗ ಇರಲಿ ಬಿಡಿ. ಹೊಸಬರೂ ಒಮ್ಮೊಮ್ಮೆ ಗೆಲ್ಲಬೇಕಲ್ವಾ. ಕಲಿಯಲು ಕೂತಾಗ ಆಫ್ ಮಾಡಿದರಾಯಿತು.

ಚುಕ್ಕಿಚಂದ್ರ
ನನ್ನ ಹತ್ತಿರ ಸ್ವಿಚ್ ಇಲ್ಲ. ಬೇರೆ ಯಾವುದರಲ್ಲಿ ಶುರು ಮಾಡಬಹುದು?

ಹಳೇಕಂಟ್ರೋಲರ್
ಬ್ರಾಲ್‌ಹಲ್ಲಾ ಉಚಿತ, ಮೊಬೈಲ್‌ನಲ್ಲೂ ಇದೆ. ಅಲ್ಲಿ ಶೀಲ್ಡ್ ಇಲ್ಲ, ತಪ್ಪಿಸಿಕೊಳ್ಳುವುದು ಮಾತ್ರ. ಪರ್ಸೆಂಟ್ ಬದಲು ಬಣ್ಣ ನೋಡಬೇಕು, ಕೆಂಪಾದಷ್ಟೂ ಅಪಾಯ. ಕಂಪ್ಯೂಟರ್ ಇದ್ದರೆ ರೈವಲ್ಸ್ ಆಫ್ ಈಥರ್ ನೋಡು. 2017ರ ಮೊದಲ ಗೇಮಿನಲ್ಲಿ ಶೀಲ್ಡ್, ಗ್ರ್ಯಾಬ್, ಅಂಚು ಹಿಡಿಯುವುದು ಮೂರೂ ಇರಲಿಲ್ಲ. 2024ರ ಎರಡನೆಯದರಲ್ಲಿ ಮೂರೂ ಇವೆ.

ಅಂಚಿನವನು
ಆನ್‌ಲೈನ್ ಆಡುವುದಾದರೆ ಯಾವ ಗೇಮಾದರೂ ವೈಫೈ ಬಿಟ್ಟು ಕೇಬಲ್ ಹಾಕಿ. ಅಲ್ಟಿಮೇಟಿನಲ್ಲಂತೂ ಒಬ್ಬರ ಕನೆಕ್ಷನ್ ಕೆಟ್ಟರೆ ಇಬ್ಬರಿಗೂ ಆಟ ಎಳೆಯುತ್ತದೆ.

ಬೆಳ್ಳಿಮೋಡ
ಹತ್ತು ದಿನ ಆಯಿತು, ಬಂದು ಹೇಳಬೇಕು ಅನ್ನಿಸಿತು. ಟ್ಯಾಪ್ ಜಂಪ್ ಆಫ್ ಮಾಡಿದೆ. ಎರಡನೇ ದಿನ ಹೆಸರು ಆರಿಸುವುದನ್ನು ಮರೆತು ಆಡಿದೆ, ಅಂಚಿನವನು ಹೇಳಿದ್ದು ನೆನಪಾಯಿತು. ಮಾರಿಯೋ ಒಬ್ಬನನ್ನೇ ಹಿಡಿದೆ. ದಿನಕ್ಕೆ ಹತ್ತು ನಿಮಿಷ ಹೊರಗೆ ಬಿದ್ದು ಅಂಚು ಹಿಡಿಯುವ ಅಭ್ಯಾಸ. ಹೊಡೆತ ಬಿದ್ದಾಗ ಬೆರಳು ಎತ್ತುವುದು ಎಲ್ಲಕ್ಕಿಂತ ಕಷ್ಟ ಆಯಿತು. ಜಂಪ್ ಬಟನ್ ಮೇಲೆ ಬೆರಳು ತಾನಾಗಿ ಹೋಗುತ್ತಿತ್ತು.

ನಿನ್ನೆ ಮತ್ತೆ ಹತ್ತು ಆಟ ಎಣಿಸಿದೆ. ಹತ್ತನ್ನೂ ಸೋತೆ. ಆದರೆ ವಾಪಸ್ ಬರಲಾಗದೆ ಬಿದ್ದದ್ದು 4 ಸಲ ಮಾತ್ರ. ಒಂದು ಆಟದಲ್ಲಿ ತಮ್ಮನ ಕೊನೆಯ ಸ್ಟಾಕ್‌ವರೆಗೂ ಎಳೆದೆ. ನನಗೆ 130 ಪರ್ಸೆಂಟ್ ಆಗಿದ್ದಾಗ ಕೆಳಗಿನಿಂದ ಬಂದು ಅಂಚು ಹಿಡಿದೆ. ಅವನು ಕಂಟ್ರೋಲರ್ ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದ.

ಈಗ ಹೊಸ ತೊಂದರೆ. ಅವನು ನನ್ನನ್ನು ಮೇಲಕ್ಕೆ ಎಸೆಯುತ್ತಾನೆ. ನಾನು ಇಳಿಯುವ ಜಾಗದಲ್ಲೇ ನಿಂತು ಮತ್ತೆ ಎಸೆಯುತ್ತಾನೆ. ನೆಲ ಮುಟ್ಟಲಿಕ್ಕೇ ಬಿಡುವುದಿಲ್ಲ.

ಮೂರನೇಜೀವ
14ರಿಂದ 4ಕ್ಕೆ ಹತ್ತೇ ದಿನದಲ್ಲಿ! ತುಂಬ ಖುಷಿ ಆಯಿತು. ಇಳಿಯುವಾಗ ಏನು ಒತ್ತುತ್ತೀರಿ? ಪ್ರತಿ ಸಲ ಏರ್ ಡಾಡ್ಜ್, ಅಂದರೆ ಗಾಳಿಯಲ್ಲೇ ಹೊಡೆತ ತಪ್ಪಿಸಿಕೊಳ್ಳುವುದು, ಮಾಡುತ್ತಿದ್ದೀರಾ?

ಬೆಳ್ಳಿಮೋಡ
ಹೌದು. ಪ್ರತಿ ಸಲ.

ಅಂಚಿನವನು
ಅವನು ಅದಕ್ಕೇ ಕಾಯುತ್ತಿದ್ದಾನೆ. ಅವನ ತಲೆ ಮೇಲೆ ನೇರ ಇಳಿಯಬೇಡಿ. ಮೇಲಿದ್ದಾಗಲೇ ಸ್ಟಿಕ್ ಪಕ್ಕಕ್ಕೆ ಹಿಡಿದು ಸ್ಟೇಜಿನ ಹೊರಗೆ ತೇಲಿಹೋಗಿ. ಕೆಳಗಿನಿಂದ ಬಂದು ಅಂಚು ಹಿಡಿಯಿರಿ. ಅದು ನಿಮಗೆ ಈಗ ಬರುತ್ತದಲ್ಲ.